ದ್ಯಾಮಪ್ಪನ ಪದಕ

ಮೊಮ್ಮಗಳ ಮದುವೆ ಗಟ್ಟಿಯಾದ ವಾರವೇ ಚಂದ್ರವ್ವ ತನ್ನ ಸೂಟ್‌ಕೇಸಿನ ತಳದಿಂದ ಪದಕವನ್ನು ಹೊರತೆಗೆದಳು. ಅವರ ಮನೆತನದ ಹೆಣ್ಣುಮಕ್ಕಳು ಮದುವೆಯ ದಿನ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಪದಕ ಅದು. ನಡುವೆ ವಿಕ್ಟೋರಿಯಾ ರಾಣಿಯ ಮುಖವಿದ್ದ ಬಿಲ್ಲೆ; ಅದರ ಸುತ್ತ ಊರಿನ ಅಕ್ಕಸಾಲಿಗ ಹಾಕಿದ ದಪ್ಪ ಬೆಳ್ಳಿಯ ಕಟ್ಟು, ಬೆನ್ನಿಗೆ ಬೆಳ್ಳಿಯ ತಗಡು. ಅದನ್ನು ಕೊಡುವಾಗ ಚಂದ್ರವ್ವನ ಅತ್ತೆ, ಬೆಳ್ಳಿಯನ್ನು ಬೇಕಾದರೆ ತಿಕ್ಕು, ನಡುವಿನ ಬಿಲ್ಲೆಯನ್ನು ಮುಟ್ಟಬೇಡ ಎಂದಿದ್ದಳು. ಹಾಗಾಗಿ ತಲೆಮಾರುಗಳ ಅರಿಸಿನ, ಎಣ್ಣೆ, ಬೆವರು ಕೂತು ರಾಣಿಯ ಮುಖ ಹಂಚಿನ ತಳದಂತೆ ಕಪ್ಪಗಾಗಿತ್ತು.

"ನೋಡ್ರಿ ಇಲ್ಲೆ. ಸ್ಮೃತಿ ಕೊಳ್ಳಾಗ ಛಂದ ಕಾಣ್ತೈತಿ ಇಲ್ಲೋ?" ಎಂದು ಚಂದ್ರವ್ವ ಗಂಡನಿಗೆ ತೋರಿಸಿದಳು.

ಜಗದೇವಪ್ಪ ಒಮ್ಮೆ ನೋಡಿದ. ಎದ್ದು ಹಿತ್ತಲಿಗೆ ಹೋಗಿ, ಸೊಸೆ ಶರ್ಮಿಳಾ ಕುಂಡದಲ್ಲಿ ಹಾಕಿದ್ದ ಮೆಂತ್ಯಕ್ಕೆ ನೀರು ಹೊಡೆಯತೊಡಗಿದ. ಬೆಳಿಗ್ಗೆಯಷ್ಟೇ ಮಳೆ ಬಂದು ನಿಂತಿತ್ತು.

ಸವದತ್ತಿಯ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದ ಜಗದೇವಪ್ಪನನ್ನೂ ಚಂದ್ರವ್ವನನ್ನೂ ಮಗ ಅಮರ ಲಂಡನ್ನಿನ ಸಟನ್‌ಗೆ ಕರೆಸಿಕೊಂಡು ಹಲವು ವರ್ಷಗಳಾಗಿದ್ದವು. ಅಮರ ಆಸ್ಪತ್ರೆಯ ಲ್ಯಾಬಿನಲ್ಲಿ, ಶರ್ಮಿಳಾ ಅದೇ ಆಸ್ಪತ್ರೆಯಲ್ಲಿ ನರ್ಸ್. ಅವರ ಒಬ್ಬಳೇ ಮಗಳು ಸ್ಮೃತಿ ಹೇಸ್‌ನಲ್ಲಿ ವಿಮಾನದ ಸರಕು ಸಾಗಿಸುವ ಕಂಪನಿಯೊಂದರ ಆಫೀಸಿನಲ್ಲಿದ್ದಳು. ಅಲ್ಲಿಯೇ ಸುಶಾಂತನ ಪರಿಚಯ. ಸುಶಾಂತನ ಮನೆಯವರು ಧಾರವಾಡದ ಕಡೆಯ ಬ್ರಾಹ್ಮಣರು, ಈಗ ಪಿನ್ನರ್‌ನವರು. ಜಾತಿಯ ಮಾತು ಎರಡೂ ಮನೆಗಳಲ್ಲಿ ಒಂದು ವರ್ಷ ಕುದ್ದು, ಆರಿ, ಕೊನೆಗೆ ಎಲ್ಲರೂ ಒಪ್ಪಿದ್ದರು. ಇನ್ನು ಅಡ್ಡಿಯೇನೂ ಉಳಿದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

ಮುಂದಿನ ಭಾನುವಾರ ಪಿನ್ನರ್‌ಗೆ ಊಟಕ್ಕೆ ಹೋದರು. ಸುಶಾಂತನ ಅಜ್ಜಿ ಸುಶೀಲಾಬಾಯಿ ಎಂಬತ್ತು ದಾಟಿದ ಹೆಂಗಸು. ಕಿವಿ ಚುರುಕು, ಮಾತು ನಿಧಾನ. ಊಟವಾದ ಮೇಲೆ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಬೀಗರನ್ನು ಎದುರಿಗೆ ಕೂರಿಸಿಕೊಂಡರು.

"ನಿಮ್ಮ ಅಡ್ಡಹೆಸರು ಸಿಪಾಯಿ ಅಂತಂದ್ಳು ಸ್ಮೃತಿ. ಹಿರೇರು ಪಲ್ಟನ್‌ದೊಳಗ ಇದ್ರೇನು?"

ಜಗದೇವಪ್ಪ ಬಾಯಿ ತೆರೆಯುವ ಮೊದಲೇ ಚಂದ್ರವ್ವ ಹಿಗ್ಗಿನಿಂದ ಹೇಳಿದಳು: "ಹೌದ್ರಿ ಬಾಯಾರ. ಇವರ ಅಜ್ಜನ ಅಪ್ಪ, ದ್ಯಾಮಪ್ಪ ಮುತ್ತ್ಯಾ ಅಂತ. ಪಲ್ಟನ್ ದ್ಯಾಮಪ್ಪ ಅಂತಿದ್ರಂತ ಊರಾಗ. ರಾಣಿ ಮುಖಾ ಇರೋ ಪದಕ ಕೊಟ್ಟಿದ್ರು. ಈಗೂ ಐತ್ರಿ ನಮ್ಮ ಕಡೆ. ಹುಡುಗಿ ಕೊಳ್ಳಾಗ ಅದನ್ನ ಹಾಕಬೇಕಂತ ಮಾಡೀನಿ."

"ಹೌದಾ?" ಎಂದರು ಸುಶೀಲಾಬಾಯಿ. "ಯಾವ ಲಡಾಯಿದು ಅದು?"

"ಗೊತ್ತಿಲ್ರಿ," ಎಂದ ಜಗದೇವಪ್ಪ. ಕುಡಿಯದ ಚಹಾವನ್ನು ಬಸಿಯ ಸಮೇತ ಕೆಳಗಿಟ್ಟ.

ಸುಶೀಲಾಬಾಯಿ ಹೊರಗೆ ನೋಡಿದರು. "ನನ್ನ ತವರುಮನಿ ನರಗುಂದ," ಎಂದರು. "ನಮ್ಮ ಮುತ್ತಜ್ಜನ ಅಣ್ಣ ಒಬ್ಬಾಂವ ಕೋಟಿಯೊಳಗ ಚಾಕರಿಗಿದ್ದ. ಹದಿನೆಂಟುನೂರಾ ಐವತ್ತೆಂಟನೇ ಇಸವಿಯ ಬಂಡಾಯದೊಳಗ ಬ್ರಿಟಿಷರ ಪಲ್ಟನ್ ಬಂತಲ್ಲ, ಅವತ್ತು ಮನಿ ಬಿಟ್ಟು ಹೋದಾಂವ ತಿರುಗಿ ಬರಲಿಲ್ಲ. ಹೆಣಾ ಸುದ್ದಾ ಸಿಗಲಿಲ್ಲ. ಸತ್ತಾನೋ ಬದುಕ್ಯಾನೋ ಗೊತ್ತಿಲ್ಲ ಅಂತ ಅವನ ಹೆಂಡತಿ ಸಾಯೋತನಕಾ ಕುಂಕುಮ ಅಳಿಸಲಿಲ್ಲಂತ. ದೊಡ್ಡ ಹಬ್ಬಕ್ಕ ಅವನ ಹೆಸರಿಲೆ ಒಂದು ಎಲಿ ಹಾಕೋದು ಇವತ್ತಿಗೂ ಅದ ನಮ್ಮಲ್ಲೆ, ನಾ ಈ ಮನಿಯೊಳಗೂ ಬಿಟ್ಟಿಲ್ಲ. ಬಡಿಸ್ತೀವಿ, ಯಾರೂ ಉಣ್ಣೂದಿಲ್ಲ."

ಅಮರ ಕೂಡಲೇ ಮದುವೆಯ ಹಾಲ್‌ನ ಪಾರ್ಕಿಂಗ್ ವಿಷಯ ತೆಗೆದ. ಮಾತು ಬೇರೆ ಕಡೆ ಹೋಯಿತು.

ಅಂದಿನಿಂದ ಜಗದೇವಪ್ಪ ಮದುವೆಯ ಮಾತಿಗೇ ಬರಲಿಲ್ಲ. ಆಮಂತ್ರಣದ ಕಾರ್ಡು ತೋರಿಸಿದರೆ, ನಿಮಗೆ ತಿಳಿದಂಗ ಮಾಡ್ರಿ ಎಂದ. ಚಂದ್ರವ್ವ ಪದಕಕ್ಕೆ ಹೊಸ ಸರ ಪೋಣಿಸಲು ಕೂತಾಗ ಮಾತ್ರ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಕೋಟಿನ ಒಳಜೇಬಿಗೆ ಹಾಕಿಕೊಂಡ.

"ಇದನ್ನ ಹುಡುಗಿ ಕೊಳ್ಳಾಗ ಹಾಕೂದು ಬ್ಯಾಡ."

"ಯಾಕ್ರಿ? ನಾ ಹಾಕ್ಕೊಂಡಿಲ್ಲೇನು? ನಿಮ್ಮ ಅವ್ವ ಹಾಕ್ಕೊಂಡಿಲ್ಲೇನು?"

"ಬ್ಯಾಡ ಅಂದ್ರ ಬ್ಯಾಡ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಹೀಗೆ ಕಡಿದು ಹಾಕಿದಂತೆ ಮಾತಾಡಿದ್ದು ಕಡಿಮೆ. ಚಂದ್ರವ್ವ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಸದ್ದು ಕೇಳಿ ಮಹಡಿಯಿಂದ ಇಳಿದು ಬಂದ ಸ್ಮೃತಿ, ಅಜ್ಜ ಹಿತ್ತಲಿನ ಬೆಂಚಿನ ಮೇಲೆ ಕೋಟು ತೊಟ್ಟುಕೊಂಡೇ ಕೂತಿರುವುದನ್ನು ಕಂಡಳು. ಹೋಗಿ ಪಕ್ಕದಲ್ಲಿ ಕೂತಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಉತ್ತರ ಕೊಡುವಾಗ ಇಂಗ್ಲಿಷ್ ಮುಂದೆ ನುಗ್ಗುತ್ತಿತ್ತು.

"ಅಜ್ಜ, ವಾಟ್ ಹ್ಯಾಪನ್ಡ್? ಸುಶಾಂತನ ಅಜ್ಜಿ ಹೇಳಿದ್ರಲ್ಲ, ಅದಕ್ಕ?"

ಆಗ ಅವನು ಹೇಳಿದ. ಯಾರಿಗೂ, ಹೆಂಡತಿಗೂ ಹೇಳಿರದಿದ್ದ ಮಾತು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಬಂಡಾಯಕ್ಕೆ ನೂರು ವರ್ಷ ತುಂಬಿತೆಂದು ಊರೂರಲ್ಲಿ ಮೆರವಣಿಗೆ ಮಾಡಿದ್ದರು. ಆಗ ಜಗದೇವಪ್ಪ ಸಣ್ಣ ಶಾಲೆಯ ಹುಡುಗ. ಎತ್ತರಕ್ಕಿದ್ದನೆಂದು ಎಲ್ಲರಿಗಿಂತ ಮುಂದೆ ಧ್ವಜ ಹಿಡಿದು ನಡೆಯಲು ಅವನನ್ನೇ ಆರಿಸಿದ್ದರು. ಅವನ ತಾಯಿ ಅಂಗಿಯನ್ನು ಒಗೆದು, ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿ ಕಳಿಸಿದ್ದಳು. ಮೆರವಣಿಗೆ ಹೊರಡುವ ಹೊತ್ತಿಗೆ ಬೇರೆ ಊರಿನಿಂದ ಹೊಸದಾಗಿ ಬಂದಿದ್ದ ಮಾಸ್ತರರೊಬ್ಬರು ಅವನ ಹೆಸರು ಕೇಳಿದರು, ಅಡ್ಡಹೆಸರು ಕೇಳಿದರು. ಪಕ್ಕದಲ್ಲಿದ್ದ ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು.

"ಝಂಡಾ ಕಸಗೊಂಡ್ರು," ಎಂದ ಜಗದೇವಪ್ಪ. "ನರಗುಂದದವರ ಎದಿಗೆ ಗುಂಡು ಹೊಡದು ರಾಣಿ ಕಡೆಯಿಂದ ಬಿಲ್ಲೆ ತಂದ ಮನಿತನ ನಿಂದು, ಈ ಝಂಡಾ ಹಿಡಿಯೂ ಕೈ ಅಲ್ಲ ಅದು ಅಂದ್ರು. ಎಲ್ಲಾ ಹುಡುಗರ ಮುಂದ. ಮನಿಗೆ ಬಂದು ಅಪ್ಪಗ ಕೇಳಿದೆ. ಪಲ್ಟನ್‌ದಾಗ ಇದ್ದದ್ದು ಖರೆ, ಮುಂದಿಂದು ನನಗ ಗೊತ್ತಿಲ್ಲ ಅಂದ. ಅಷ್ಟ. ಅವತ್ತಿನಿಂದ ಆ ಬಿಲ್ಲೆ ಕಂಡ್ರ ನಾ ಎದ್ದು ಹೊರಗ ಹೋಗಿಬಿಡ್ತೀನಿ. ಈಗ ನೋಡು, ಆ ಮನಿಗೇ ನಿನ್ನ ಕೊಡಾಕತ್ತೀವಿ. ಅವರ ಮನಿಯಾಗ ಎಲಿ ಹಾಕಿ ಬಡಿಸ್ತಾರ. ನೀ ಆ ಬಿಲ್ಲೆ ಹಾಕ್ಕೊಂಡು ಆ ಎಲಿ ಮುಂದ ಹೆಂಗ ನಿಂದರ್ತಿ?"

ಸ್ಮೃತಿ ಅವನ ಕೈ ಹಿಡಿದುಕೊಂಡಳು. "ಬಟ್ ಅಜ್ಜ, ಹೌ ಡು ಯು ನೋ? ಅವರು ಹೇಳಿದ್ರು ಅಂತ ಅಷ್ಟೇ ಅಲ್ಲಾ? ನಿಜ ಅಂತ ಯಾರಿಗೂ ಗೊತ್ತಿಲ್ಲ."

"ಇಡೀ ಊರು ಅಂತಿತ್ತವ್ವ."

"ಈ ಮೆಡಲ್‌ಗಳ ಎಡ್ಜ್ ಮೇಲೆ ಹೆಸರು ಇರ್ತದ. ಐ ಲುಕ್ಡ್ ಇಟ್ ಅಪ್. ಈ ಸಿಲ್ವರ್ ತೆಗೆದ್ರೆ ಕಾಣ್ತದ. ಸೆಂಟ್ರಲ್ ಲಂಡನ್‌ನಲ್ಲಿ ನೋಡಿ ಹೇಳೋರು ಇದ್ದಾರ. ಹೋಗೋಣು?"

"ಬ್ಯಾಡ," ಎಂದ ಅವನು. "ಗೊತ್ತಿಲ್ಲದಿದ್ರ ಹೆಂಗರೆ ಇರಬಹುದು. ಗೊತ್ತಾಗಿ ಖರೆ ಅಂತಾದ್ರ ಏನ್ ಮಾಡ್ಲಿ?"

ಅವಳು ಒತ್ತಾಯಿಸಲಿಲ್ಲ. ಆದರೆ ಆ ವಾರವೇ ಪಿನ್ನರ್‌ನಿಂದ ಫೋನು ಬಂತು. ಸುಶೀಲಾಬಾಯಿ ಚಂದ್ರವ್ವನ ಜೊತೆ ಮಾತಾಡಿ, ಬರುವ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಸಟನ್‌ಗೆ ಬರುತ್ತೇನೆ ಎಂದರು. ಫೋನು ಇಡುವ ಮೊದಲು, "ಆ ಪದಕ ಒಂದು ಸಲ ನೋಡಬೇಕಾಗ್ಯದರಿ," ಎಂದರು.

ಚಂದ್ರವ್ವ ಬಂದು ಹೇಳಿದಾಗ ಜಗದೇವಪ್ಪ ರೊಟ್ಟಿ ಮುರಿಯುತ್ತಿದ್ದ. ಮುರಿದ ತುಂಡನ್ನು ತಟ್ಟೆಯಲ್ಲೇ ಇಟ್ಟ. ಸ್ಮೃತಿಯ ಕಡೆ ತಿರುಗಿ, "ಶನಿವಾರ ನಿನಗ ಸೂಟಿ ಐತೇನು?" ಎಂದು ಕೇಳಿದ.

ಶನಿವಾರ ಇಬ್ಬರೂ ಸಟನ್‌ನಿಂದ ರೈಲು ಹತ್ತಿದರು. ಕ್ಲ್ಯಾಪಮ್ ದಾಟಿದ ಮೇಲೆ ಮುಂದಿನ ಸ್ಟೇಷನ್ ವಿಕ್ಟೋರಿಯಾ ಎಂದು ಧ್ವನಿವರ್ಧಕ ಹೇಳಿತು. ಜಗದೇವಪ್ಪ ಒಳಜೇಬಿನ ಮೇಲೆ ಕೈಯಿಟ್ಟುಕೊಂಡ. ಅಲ್ಲಿಂದ ಟ್ಯೂಬ್ ಹಿಡಿದು, ಚೇರಿಂಗ್ ಕ್ರಾಸ್‌ನ ಹತ್ತಿರದ ಒಂದು ಸಂದಿಯಲ್ಲಿ ಹಳೆಯ ಪದಕಗಳನ್ನು ಕೊಂಡು ಮಾರುವ ಸಣ್ಣ ಅಂಗಡಿಗೆ ಬಂದರು. ಸ್ಮೃತಿ ಫೋನು ಮಾಡಿ ಸಮಯ ಕೇಳಿಟ್ಟಿದ್ದಳು. ಅಂಗಡಿಯ ಒಡತಿ ಅರವತ್ತು ದಾಟಿದ, ನರೆಗೂದಲಿನ ಇಂಗ್ಲಿಷ್ ಹೆಂಗಸು. ಅಜ್ಜನಿಗೆ ಅರ್ಥವಾಗಲೆಂದು ಒಂದೊಂದೇ ಮಾತನ್ನು ಬಿಡಿಸಿ ಆಡುತ್ತಿದ್ದಳು.

ಅವಳು ಪದಕವನ್ನು ಹಸಿರು ಬಟ್ಟೆಯ ಮೇಲಿಟ್ಟು, ಕಣ್ಣಿಗೆ ಸಣ್ಣ ಮಸೂರ ಒತ್ತಿಕೊಂಡು ನೋಡಿದಳು. "ಮುಂದಿನ ಮುಖದಿಂದ ಏನೂ ಹೇಳಲಾಗದು. ಇದೇ ಬಗೆಯ ಮುಖ ಆ ಕಾಲದ ಬೇರೆ ಬೇರೆ ಯುದ್ಧಗಳ ಪದಕಗಳ ಮೇಲೆ ಇರುತ್ತದೆ. ಕಟ್ಟನ್ನು ಬಿಚ್ಚಬೇಕು. ಬೆಳ್ಳಿ ಸ್ವಲ್ಪ ಸೊಟ್ಟಗಾಗಬಹುದು. ಬಿಚ್ಚಲೇ?"

ಸ್ಮೃತಿ ಅಜ್ಜನ ಮುಖ ನೋಡಿದಳು. ಅವನು ತಲೆಯಾಡಿಸಿದ.

ಹೆಂಗಸು ತೆಳ್ಳನೆಯ ಚಾಕುವಿನ ತುದಿಯಿಂದ ಬೆಳ್ಳಿಯ ಅಂಚನ್ನು ಸುತ್ತಲೂ ಎಬ್ಬಿಸಿದಳು. ಅಕ್ಕಸಾಲಿಗ ಗಟ್ಟಿ ಕೆಲಸ ಮಾಡಿದ್ದ. ಬಹಳ ಹೊತ್ತು ಹಿಡಿಯಿತು. ಕೊನೆಗೆ ಬಿಲ್ಲೆ ಹೊರಬಂತು. ಅದರ ಹಿಂದೆ, ತಗಡಿಗೂ ಬಿಲ್ಲೆಗೂ ನಡುವೆ ಸಿಕ್ಕಿಸಿಟ್ಟಿದ್ದ ಬೆರಳಗಲದ ಲೋಹದ ಪಟ್ಟಿಯೊಂದು ಬಟ್ಟೆಯ ಮೇಲೆ ಬಿತ್ತು. ಪದಕದ ಮೇಲೆ, ನೇತುಹಾಕುವ ರಿಬ್ಬನ್ನಿಗೆ ಸೇರಿಸುವ ಪಟ್ಟಿ ಅದು, ಯಾವ ಯುದ್ಧವೆಂದು ತೋರಿಸುವುದಕ್ಕೆ; ಪುಣ್ಯಾತ್ಮ ಅಕ್ಕಸಾಲಿಗ ಎಸೆಯದೆ ಒಳಗೇ ಇಟ್ಟಿದ್ದಾನೆ ಎಂದು ಅವಳು ನಕ್ಕಳು. ಹತ್ತಿಗೆ ಏನೋ ದ್ರವ ಅದ್ದಿ ಒರೆಸಿದಳು. ಕಪ್ಪು ಬಿಡುತ್ತಿದ್ದಂತೆ ಕೆಂಪು ಛಾಯೆ ಕಂಡಿತು.

"ಇದು ಬೆಳ್ಳಿಯಲ್ಲ, ಕಂಚು," ಎಂದಳು. "ಪಟ್ಟಿಯ ಮೇಲೆ ಬರ್ಮಾ ಎಂದಿದೆ. ಸಾವಿರದ ಎಂಟುನೂರ ಎಂಬತ್ತೈದರಿಂದ ಎಂಬತ್ತೇಳು."

"ಐವತ್ತೆಂಟರದು ಅಲ್ಲವೇ?" ಸ್ಮೃತಿ ಕೇಳಿದಳು. "ಬಂಡಾಯದ ಕಾಲದ್ದು? ದಕ್ಷಿಣದಲ್ಲಿ ನರಗುಂದ ಎಂಬ ಊರಿದೆ, ಅಲ್ಲಿಯದು?"

"ಖಂಡಿತ ಅಲ್ಲ. ಬಂಡಾಯದ ಪದಕವನ್ನು ಬೆಳ್ಳಿಯಲ್ಲಿ ಮಾತ್ರ ಮಾಡಿದ್ದರು. ಸೈನ್ಯದ ಜೊತೆ ಹೋದ ಆಳುಗಳಿಗೆ ಹೀಗೆ ಕಂಚಿನ ಪದಕ ಕೊಡುವುದು ಶುರುವಾದದ್ದೇ ಈ ಬರ್ಮಾ ಯುದ್ಧದ ಹೊತ್ತಿಗೆ. ಸಿಪಾಯಿಗಳಿಗೆ ಬೆಳ್ಳಿ, ಆಳುಗಳಿಗೆ ಕಂಚು. ಹಾಗಾಗಿ ಇವರು ಸಿಪಾಯಿಯೂ ಅಲ್ಲ. ತಡೆಯಿರಿ." ಅವಳು ಬಿಲ್ಲೆಯ ಅಂಚನ್ನು ಬೆಳಕಿಗೆ ತಿರುಗಿಸುತ್ತ ಓದಿದಳು. "ಡೂಲಿ ಬೇರರ್ ಡಯಾಮಪ್ಪ."

"ಏನಂದ್ಳು?" ಎಂದ ಜಗದೇವಪ್ಪ.

"ದ್ಯಾಮಪ್ಪ ಅಂತ ಹೆಸರು ಅದ ಅಜ್ಜ. ಮೊದಲಿಗೆ ಡೂಲಿ ಬೇರರ್ ಅಂತ. ಐ ಡೋಂಟ್ ನೋ ದ ವರ್ಡ್."

ಜಗದೇವಪ್ಪ ಮಸೂರ ತೆಗೆದುಕೊಂಡ. ಅಂಚಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು ಒಂದರ ಪಕ್ಕ ಒಂದು ಕೂತಿದ್ದವು. ಬಸ್ಸಿನ ಬೋರ್ಡು ಓದಿ ಓದಿ ಪಳಗಿದ ಕಣ್ಣು ಅವನದು, ಕೂಡಿಸಿಕೊಂಡು ಓದಿದ.

"ಡೋಲಿ," ಎಂದ. "ಡೋಲಿ ಅವ್ವ. ಡೋಲಿ ಹೊರಾಂವ."

ಹೆಂಗಸು ವಿವರಿಸಿದಳು. ಉದ್ದನೆಯ ಬಿದಿರಿಗೆ ಜೋಲಿಯಂತೆ ಕಟ್ಟಿದ ಹಾಸಿಗೆ. ಗಾಯಗೊಂಡವರನ್ನೂ ಜ್ವರ ಹಿಡಿದವರನ್ನೂ ಅದರಲ್ಲಿ ಮಲಗಿಸಿ, ಪಾಳಿಯ ಮೇಲೆ ಹೆಗಲು ಬದಲಿಸುತ್ತ ಹೊರುತ್ತಿದ್ದರು. ಬರ್ಮಾದ ರಾಜಧಾನಿ ಬೇಗನೇ ಕೈಗೆ ಸಿಕ್ಕಿತು. ಆದರೆ ಕಾಡಿನೊಳಗಿನ ಹೊಡೆದಾಟ ವರ್ಷಗಟ್ಟಲೆ ನಡೆಯಿತು. ಅಲ್ಲಿ ಗುಂಡಿಗಿಂತ ಜ್ವರ, ಕಾಲರಾಗಳಿಂದ ಸತ್ತವರು ಹೆಚ್ಚು. ದಾರಿಯಿಲ್ಲದ ಕಡೆ, ಮೊಣಕಾಲುದ್ದದ ಕೆಸರಿನಲ್ಲಿ ಈ ಡೋಲಿಯವರು ನಡೆದರು. ಗುಂಡು ಹಾರುವ ಜಾಗಕ್ಕೂ ಹೋಗಿ ಬಿದ್ದವರನ್ನು ಎತ್ತಿ ತರಬೇಕಿತ್ತು.

"ಬಂದೂಕು?" ಎಂದ ಜಗದೇವಪ್ಪ, ಆಮೇಲೆ ತಾನೇ ಇಂಗ್ಲಿಷಿನಲ್ಲಿ ಕೇಳಿದ. "ಹ್ಯಾವ್ ಗನ್?"

"ಇಲ್ಲ. ಡೋಲಿಯವರಿಗೆ ಬಂದೂಕು ಕೊಡುತ್ತಿರಲಿಲ್ಲ."

"ಅಂದರೆ, ಯಾರಿಗೂ ಗುಂಡು ಹೊಡೆದಿಲ್ಲ?" ಸ್ಮೃತಿ ಕೇಳಿದಳು.

"ಹೊರುತ್ತಿದ್ದರು, ಅಷ್ಟೇ. ಎರಡೂ ಕೈ ಅದಕ್ಕೇ ಬೇಕಾಗುತ್ತಿತ್ತು."

"ನೋ ಗನ್," ಎಂದು ಅವನು ಮತ್ತೊಮ್ಮೆ, ಈ ಸಲ ಕೇಳುವ ದನಿಯಲ್ಲಲ್ಲ, ಹೇಳಿಕೊಂಡ. ಆಮೇಲೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಂಗಡಿಯ ಹೆಂಗಸು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ವಾಪಸು ಬರುವಾಗ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಅವರ ಕಣ್ಣೆದುರಿಗೇ ರೈಲು ಹೋಯಿತು. ಮುಂದಿನದಕ್ಕೆ ಕಾಯುತ್ತ ಇಬ್ಬರೂ ಚಹಾ ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ಜಗದೇವಪ್ಪನಿಗೆ ಮಾತು ಒಂದರ ಹಿಂದೊಂದು ಬರತೊಡಗಿತು.

"ನಮ್ಮ ಆಯಿ, ಅಪ್ಪನ ಅವ್ವ, ಹೇಳ್ತಿದ್ಲು. ಆಕಿ ಸೊಸಿ ಆಗಿ ಬಂದಾಗ ದ್ಯಾಮಪ್ಪ ಮುತ್ತ್ಯಾ ಮುದುಕ ಆಗಿದ್ದ. ಬಲಗಡೆ ಹೆಗಲ ಮ್ಯಾಲ ನಿಂಬಿಕಾಯಿಯಷ್ಟು ಗಂಟು ಇತ್ತಂತ, ಕಲ್ಲಿನಂಗ ಗಟ್ಟಿ. ಚಳಿಗಾಲಕ್ಕ ಅದು ನೋಯ್ತಿತ್ತು, ಆಕಿ ಎಣ್ಣಿ ಕಾಸಿ ಹಚ್ಚತಿದ್ಲು. ಬಂದೂಕು ಇಟ್ಟು ಹೊಡದು ಹೊಡದು ಆದ ಗಂಟು ಅಂತ ಮನಿಯಾಗ ಎಲ್ಲಾರೂ ಅನ್ನಾವ್ರು. ನಾನೂ ಹಂಗ ತಿಳಕೊಂಡಿದ್ದೆ. ಬಂದೂಕಿನಿಂದ ಅಂಥಾ ಗಂಟು ಆಕ್ಕೈತೇನವ್ವ? ಬಿದರಿನ ಗಳಾ ಹೊತ್ತು ಆಗಿದ್ದು ಅದು."

"ಹಾಗಾದ್ರೆ ಸಿಪಾಯಿ ಅಂತ ಯಾಕೆ ಹೇಳಿದ್ರು?"

ಅವನು ಚಹಾದ ಕಪ್ಪನ್ನು ಪಕ್ಕಕ್ಕಿಟ್ಟ. "ನಮ್ಮ ಅಜ್ಜ ಹೇಳಿರಬೇಕು, ದ್ಯಾಮಪ್ಪನ ಮಗ. ಡೋಲಿ ಹೊರಾವ್ರು ಅಂದ್ರ ಊರಾಗ ಯಾರು ಕಿಮ್ಮತ್ತು ಕೊಡತಿದ್ರು? ಸಿಪಾಯಿ ಅಂದ್ರ ಎದ್ದು ನಿಂತು ನಮಸ್ಕಾರ ಮಾಡತಿದ್ರು. ಡೋಲಿ ಮುಚ್ಚಿಟ್ಟು ಬಂದೂಕು ಕೊಟ್ಟುಬಿಟ್ಟ ಅಪ್ಪನ ಕೈಯಾಗ. ಮುಂದ ಕಾಲ ಬದಲಾತು. ಊರು ಆ ಬಂದೂಕನ್ನ ಹಿಡದು ನಮ್ಮನ್ನ ಬೈತು." ಅವನ ದನಿಯಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು. "ಅಜ್ಜ ಇದ್ದಿದ್ರ ಇವತ್ತ ಅವನ ಜೋಡಿ ದೊಡ್ಡ ಜಗಳಾ ತೆಗಿತಿದ್ದೆ."

ಸ್ಮೃತಿ ನಕ್ಕಳು. ಆಮೇಲೆ ಮೆಲ್ಲಗೆ ಅಂದಳು: "ಸ್ಟಿಲ್, ಅಜ್ಜ, ಅವರೂ ಬೇರೆಯವರ ದೇಶ ತಗೊಳ್ಳೋ ಆರ್ಮಿ ಜೊತೆನೇ ಹೋಗಿದ್ರಲ್ಲ."

"ಹೌದು," ಎಂದ ಅವನು. "ಅದೂ ಸುಳ್ಳಲ್ಲ. ಆ ಬರ್ಮಾದವ್ರ ಮನಿಯಾಗೂ ಯಾರೋ ಎಲಿ ಹಾಕ್ತಿರಬೇಕು. ಹೊಟ್ಟಿಪಾಡಿಗೆ ಹೋದಾಂವ, ಹೋದ. ಖರೆ ಎಷ್ಟೈತಿ ಅಷ್ಟ ಹೇಳೂಣು. ಕಮ್ಮಿನೂ ಬ್ಯಾಡ, ಹೆಚ್ಚೂ ಬ್ಯಾಡ. ಆದರ ಆ ಮಾಸ್ತರ ಹೇಳಿದ್ದು ಖರೆ ಅಲ್ಲ. ನನಗ ಅಷ್ಟು ಸಾಕು."

ಭಾನುವಾರ ಮಧ್ಯಾಹ್ನ ಸುಶಾಂತ ಅಜ್ಜಿಯನ್ನು ಕಾರಿನಲ್ಲಿ ಕರೆತಂದ. ಚಂದ್ರವ್ವ ಹೋಳಿಗೆ ಮಾಡಿದ್ದಳು. ಬಂದವರು ಕೂತು, ನೀರು ಕುಡಿದು, ಯೋಗಕ್ಷೇಮ ಕೇಳಿದ ಮೇಲೆ ಜಗದೇವಪ್ಪ ತಾನಾಗಿಯೇ ಪದಕವನ್ನು ತಂದು ಸುಶೀಲಾಬಾಯಿಯ ಕೈಯಲ್ಲಿಟ್ಟ. ಬೆಳ್ಳಿಯ ಕಟ್ಟಿಲ್ಲದ, ಕೆಂಪಗೆ ಹೊಳೆಯುವ ಬರಿಯ ಬಿಲ್ಲೆ.

"ಬಾಯಾರ, ಅವತ್ತು ನೀವು ಯಾವ ಲಡಾಯಿದು ಅಂತ ಕೇಳಿದ್ರಿ. ನನಗ ಗೊತ್ತಿಲ್ಲ ಅಂದೆ. ನನ್ನ ಮನಸ್ಸಿನಾಗ ಅದು ನರಗುಂದದ್ದೇ ಅಂತಿತ್ರಿ. ಸಣ್ಣಾಂವ ಇದ್ದಾಗಿಂದ ಹಂಗ ಕೇಳ್ಕೋತ ಬಂದೀನಿ. ನಿನ್ನೆ ಹೋಗಿ ಕೇಳ್ಕೊಂಡು ಬಂದ್ವಿ."

ಅವನು ಒಂದೂ ಬಿಡದೆ ಹೇಳಿದ. ಶಾಲೆಯ ಮೆರವಣಿಗೆ, ಊರಿನ ಮಾತು, ಬರ್ಮಾ, ಡೋಲಿ, ಅಜ್ಜನ ಸುಳ್ಳು. ಮೆರವಣಿಗೆಯ ವಿಷಯವನ್ನು ಮೊದಲ ಸಲ ಕೇಳಿದ ಚಂದ್ರವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತುಬಿಟ್ಟಳು.

ಸುಶೀಲಾಬಾಯಿ ಬಿಲ್ಲೆಯನ್ನು ಬೆರಳಿನಿಂದ ಸುತ್ತಲೂ ಸವರಿದರು. "ಬೀಗರ, ನಾನೂ ಒಂದು ಮಾತು ಹೇಳ್ತೀನಿ," ಎಂದರು. "ನಾ ಇವತ್ತ ಅದನ್ನ ಕೇಳಲಿಕ್ಕೇ ಬಂದಿದ್ದೆ. ಬರೋ ದಾರ್ಯಾಗ ಕಾರಿನೊಳಗ ಕೂತು, ಕೇಳೋದು ಬ್ಯಾಡ ಅಂತ ಮಾಡಿದ್ದೆ. ಹೌದು ಅಂತ ನೀವು ಅಂದ್ರ ನಾ ಏನ್ ಮಾಡ್ತಿದ್ದೆ? ಮದಿವಿ ನಿಲ್ಲಿಸ್ತಿದ್ದೆನೇನು? ಸುಶಾಂತಂದು ಮುಖಾ ನೋಡ್ರಿ. ನಿಲ್ಲಿಸೂ ಶಕ್ತಿ ನನಗಿಲ್ಲ. ಆದ್ರ ಎಲಿ ಹಾಕಿದಾಗೊಮ್ಮೆ ನೆನಪಾಗ್ತಿತ್ತು. ಈ ಹುಡುಗಿಯನ್ನ ನೋಡಿದಾಗೊಮ್ಮೆ ನೆನಪಾಗ್ತಿತ್ತು. ಅದು ಆಕಿಗೆ ಮಾಡೋ ಅನ್ಯಾಯ."

ಸುಶಾಂತ ತಲೆ ತಗ್ಗಿಸಿ ಕೂತಿದ್ದ. ಸ್ಮೃತಿ ಬಂದು ಸುಶೀಲಾಬಾಯಿಯ ಕಾಲ ಬಳಿ ಕೆಳಗೆ ಕೂತಳು.

"ಡೋಲಿಯವರು," ಎಂದರು ಸುಶೀಲಾಬಾಯಿ, ತಮ್ಮಷ್ಟಕ್ಕೆ ಎಂಬಂತೆ. "ಪಲ್ಟನ್ ಎಲ್ಲೆ ಹೋದ್ರೂ ಇವರು ಹಿಂದ ಹೋಗ್ತಿದ್ರೇನು?"

"ಹೋಗ್ತಿದ್ರು ಅಂತಂದ್ಳ್ರಿ ಅಂಗಡ್ಯಾಕಿ. ಎಲ್ಲಾ ಪಲ್ಟನ್‌ನಾಗೂ ಇರ್ತಿದ್ರಂತ."

"ಅಂದ್ಮ್ಯಾಲ ನರಗುಂದಕ್ಕೂ ಬಂದಿರಬೇಕು. ನಿಮ್ಮ ದ್ಯಾಮಪ್ಪ ಅಲ್ಲ, ಅವನಂಥಾ ಬ್ಯಾರೆ ಯಾರೋ." ಅವರು ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸಿದರು. "ನಮ್ಮಾಂವನ ಹೆಣಾ ಸಿಗಲಿಲ್ಲ ಅಂತ ಹೇಳಿದ್ನಲ್ಲ. ನಾಯಿ, ನರಿ ಪಾಲಾಗಿರಬೇಕು ಅಂತ ನನ್ನ ಅಜ್ಜಿ ಅಳ್ತಿದ್ಲು. ಒಬ್ಬ ಡೋಲಿಯವನಾದ್ರೂ ನೋಡಿರಬಹುದಲ್ಲ. ಎತ್ತಿ ಒಂದು ಗಿಡದ ನೆರಳಿನ್ಯಾಗರೆ ಇಟ್ಟಿರಬಹುದಲ್ಲ. ಇಷ್ಟು ವರ್ಷಾ ಆ ವಿಚಾರನ ನನಗ ಬಂದಿದ್ದಿಲ್ಲ. ಪಲ್ಟನ್ ಅಂದ್ರ ಬರೇ ಬಂದೂಕಿನವರು ಅಂತ ತಿಳಕೊಂಡಿದ್ದೆ."

ಜಗದೇವಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಇಟ್ಟಿರಬಹುದ್ರಿ," ಎಂದ. "ಗೊತ್ತಿಲ್ಲ. ಆದರ ಇಟ್ಟಿರಬಹುದು."

"ಅಷ್ಟ ಸಾಕು ಬಿಡ್ರಿ." ಸುಶೀಲಾಬಾಯಿ ಬಿಲ್ಲೆಯನ್ನು ಸ್ಮೃತಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಹಾಕ್ಕೋ ನೀ. ಆದ್ರ ಮತ್ತ ಬೆಳ್ಳಿಯೊಳಗ ಮುಚ್ಚಿಸಬ್ಯಾಡ. ಅಂವನ ಹೆಸರು ಕಾಣಬೇಕು."

ವೆಂಬ್ಲಿಯಲ್ಲಿ ತನಗೆ ಗೊತ್ತಿರುವ ಅಕ್ಕಸಾಲಿಗನೊಬ್ಬನಿದ್ದಾನೆ, ನಾಲ್ಕು ಸಣ್ಣ ಕೊಕ್ಕೆಗಳ ನಡುವೆ ಅಂಚು ಕಾಣುವಂತೆ ಕೂರಿಸಿಕೊಡುತ್ತಾನೆ ಎಂದು ಸುಶಾಂತ ಹೇಳಿದ. ಮನೆಯಲ್ಲಿ ಒಮ್ಮೆಲೇ ಗದ್ದಲ ಶುರುವಾಯಿತು. ಪಾಳಿ ಮುಗಿಸಿ ಆಗಷ್ಟೇ ಬಂದ ಶರ್ಮಿಳಾಗೆ ಚಂದ್ರವ್ವ ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದಳು. ನಡುನಡುವೆ ಗಂಡನ ಕಡೆ ತಿರುಗಿ, "ನನಗ ಒಂದು ಮಾತು ಹೇಳಿದ್ದಿಲ್ಲ ಇವರು," ಎಂದು ಸೇರಿಸಿದಳು. ಅಮರ ಪಟ್ಟಿಯ ಮೇಲಿನ ಅಕ್ಷರಗಳ ಫೋಟೋ ತೆಗೆದು ಸವದತ್ತಿಯ ಚಿಕ್ಕಪ್ಪನಿಗೆ ಕಳಿಸಿದ.

ಊಟಕ್ಕೆ ಕೂತಾಗ ಜಗದೇವಪ್ಪ ಎರಡನೇ ಹೋಳಿಗೆ ಹಾಕಿಸಿಕೊಂಡ, ಆಮೇಲೆ ಮೂರನೆಯದನ್ನೂ. ತುಪ್ಪ ಸಾಲದು ಎಂದ. ಶುಗರ್ ನೆನಪಿರಲಿ ಎಂದು ಶರ್ಮಿಳಾ ಅಂದರೆ ಕೇಳಿಸದವನಂತೆ ಸುಶೀಲಾಬಾಯಿಯ ಕಡೆ ತಿರುಗಿದ.

"ಅಲ್ರಿ ಬಾಯಾರ, ಮದಿವಿ ಹಾಲ್‌ನವ್ರು ಹೊರಗಿನ ಅಡಗಿ ತರಾಕ ಬಿಡ್ತಾರೋ ಇಲ್ಲೋ? ನಮ್ಮ ಕಡೆ ಮಂದಿಗೆ ರೊಟ್ಟಿ, ಎಣಗಾಯಿ ಇಲ್ಲಂದ್ರ ಉಂಡಂಗ ಆಗೂದಿಲ್ಲ. ಯಾರರೆ ಕೇಳ್ಯಾರೇನು ಇದನ್ನ?"

ಯಾರೂ ಕೇಳಿರಲಿಲ್ಲ. ನಾಳೆಯೇ ತಾನು ಅಮರನ ಜೊತೆ ಹೋಗಿ ಕೇಳುವುದಾಗಿ ಜಗದೇವಪ್ಪ ಹೇಳಿ, ಹೋಳಿಗೆಗೆ ಕೈ ಹಾಕಿದ.